ಮರಳುಗಾಡಿನ ಕತ್ತಲೆಕೋಣೆ: ರೇಷ್ಮೆ ದಾರಿಯ ಮೊದಲ ಫೋಟೋಗಳು

(ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಈ ಗಾಜಿನ ತುಂಡನ್ನು ಸಭೆಗೆ ಕೊಡುತ್ತೇನೆ, ಕೈಯಿಂದ ಕೈಗೆ ದಾಟಿಸಿ. ಅಂಚು ಮಾತ್ರ ಹಿಡಿಯಿರಿ, ನಡುವೆ ಬೆರಳು ತಾಗಿಸಬೇಡಿ. ಮುಚ್ಚಿಹೋದ ಒಂದು ಸ್ಟುಡಿಯೋದ ಅಟ್ಟದಿಂದ ನನಗೆ ಸಿಕ್ಕಿದ ನೆಗೆಟಿವ್ ಇದು. ಹಾಫ್ ಪ್ಲೇಟ್ ಅನ್ನುತ್ತಿದ್ದರು. ಉದ್ದ ಆರೂವರೆ ಇಂಚು, ಅಗಲ ನಾಲ್ಕೂ ಮುಕ್ಕಾಲು. ಕಿಟಕಿಯ ಬೆಳಕಿಗೆ ಹಿಡಿದರೆ ಯಾರದೋ ಮದುವೆಯ ಜೋಡಿ ಕಾಣುತ್ತದೆ: ಮುಖ ಕಪ್ಪು, ತಲೆಗೂದಲು ಬೆಳ್ಳಗೆ, ಬಾಸಿಂಗ ಕರ್ರಗೆ. ಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಇಂಥ ಹನ್ನೆರಡು ಸೇರಿದರೆ ಹತ್ತಿರ ಹತ್ತಿರ ಒಂದು ಕಿಲೋ ಆಗುತ್ತದೆ.

ಈಗ ಇಂಥ ನೂರಾರು ಗಾಜುಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ, ಕುದುರೆ, ಚಮರೀಮೃಗ, ಒಂಟೆಗಳ ಬೆನ್ನಿಗೆ ಕಟ್ಟಿ, ಹಿಮದ ಕಣಿವೆ ದಾಟಿಸಿ, ಚೀನಾದ ಪಶ್ಚಿಮದ ತಕ್ಲಾಮಕಾನ್ ಮರುಭೂಮಿಯೊಳಕ್ಕೆ ಒಯ್ಯುವುದನ್ನು ಯೋಚಿಸಿ. ಒಂದು ಪ್ರಾಣಿ ಕಾಲು ಜಾರಿದರೆ ಒಂದು ತಿಂಗಳ ಕೆಲಸ ಪುಡಿಪುಡಿ. ಹೋದ ಗಾಜು ಹಾಗೇ ವಾಪಸು ಬಂದರೂ ಸಾಲದು. ಅದರ ಮೇಲಿನ ಮದ್ದಿಗೆ ಬೆಳಕು, ಶಾಖ, ತೇವ ಯಾವುದೂ ಸೋಕಿರಬಾರದು. ಇಷ್ಟೆಲ್ಲ ಆದಮೇಲೆ ಒಂದು ಚಿತ್ರ.

ಚೀನಾದಿಂದ ಮಧ್ಯ ಏಷ್ಯಾ ಹಾದು ಪಶ್ಚಿಮಕ್ಕೆ ಹೋಗುತ್ತಿದ್ದ ಹಳೆಯ ವ್ಯಾಪಾರದ ದಾರಿಗಳನ್ನು ರೇಷ್ಮೆ ದಾರಿ ಅನ್ನುತ್ತಾರೆ. ಅಲ್ಲಿಂದ ಯುರೋಪಿಗೂ ದೆಹಲಿಗೂ ಜಪಾನಿಗೂ ಹೋದ ವಸ್ತುಗಳ ಕಥೆ ನಿಮಗೆ ಗೊತ್ತಿರಬಹುದು. ನಾನು ಇವತ್ತು ವಸ್ತುಗಳ ಕಥೆ ಹೇಳಲು ಬಂದಿಲ್ಲ. ಎಷ್ಟೋ ಕಡೆ ವಸ್ತು ಹೋಯಿತು, ಗಾಜಿನ ಮೇಲಿನ ನೆರಳು ಉಳಿಯಿತು. ಆ ನೆರಳನ್ನು ಉಳಿಸಿದ ಕೈಗಳು ಯಾರವು ಅನ್ನುವುದನ್ನು ಹೆಸರು ಹಿಡಿದು ಹೇಳಬೇಕು ಅನ್ನಿಸಿ ಬಂದಿದ್ದೇನೆ.

ಹಂಪಿಯ ಒಂದು ಉದಾಹರಣೆ ಮೊದಲು ಹೇಳಿಬಿಡುತ್ತೇನೆ, ಮುಂದಿನದು ಸುಲಭವಾಗುತ್ತದೆ. 50 ರೂಪಾಯಿ ನೋಟಿನ ಮೇಲೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆಯಲ್ಲ, ಅದರ ನೆತ್ತಿ ಬೋಳಾಗಿದೆ. ನಾವೆಲ್ಲ ಹಾಗೇ ನೋಡಿದ್ದೇವೆ. ಆದರೆ 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ. ಆ ಒಂದು ಕಾಗದ ಇರದಿದ್ದರೆ ರಥ ಮೊದಲಿಂದಲೂ ಬೋಳು ಎಂದೇ ನಂಬಿರುತ್ತಿದ್ದೆವು. ಫೋಟೋ ಮಾಡುವ ಕೆಲಸ ಇದು. ರೇಷ್ಮೆ ದಾರಿಯಲ್ಲಿ ಇದೇ ಮಾತು ನೂರು ಪಟ್ಟು ನಿಜ.

ಗ್ರೀನ್‌ಲಾ ಕಾಗದ ಬಳಸಿದರು. ಕಾಗದದ ಜಾಗವನ್ನು ಹಿಡಿದದ್ದು ಹಸಿ ಕೊಲೋಡಿಯನ್, ಅಂದರೆ ಗಾಜಿಗೆ ಅಂಟು ದ್ರವ ಬಳಿದು ಒದ್ದೆ ಇರುವಾಗಲೇ ಚಿತ್ರ ತೆಗೆಯುವ ವಿಧಾನ. ಅದರ ಕಷ್ಟ ಗೊತ್ತಾಗಬೇಕಾದರೆ ಕ್ರಮ ಕೇಳಿ. ಗಾಜು ತೊಳೆದು ಒರೆಸಬೇಕು, ಅಂಟು ದ್ರವ ಸುರಿದು ಎಲ್ಲ ಮೂಲೆಗೂ ಹರಿಯುವಂತೆ ವಾಲಿಸಬೇಕು, ಕತ್ತಲೆ ಗುಡಾರದೊಳಗೆ ಬೆಳ್ಳಿಯ ಲವಣದ ನೀರಲ್ಲಿ ಅದ್ದಬೇಕು, ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆಯಬೇಕು, ಓಡಿಬಂದು ಒಣಗುವ ಮೊದಲೇ ತೊಳೆಯಬೇಕು. ಎಲ್ಲಕ್ಕೂ ಸೇರಿ ಹತ್ತು ಹದಿನೈದು ನಿಮಿಷ. ಅಂದರೆ ಬೆಟ್ಟದ ತುದಿಯಲ್ಲಿ ಚಿತ್ರ ಬೇಕಾದರೆ ಇಡೀ ಕತ್ತಲೆಕೋಣೆಯೂ ಆ ತುದಿಗೆ ಬರಬೇಕು. ಬ್ರಿಟಿಷ್ ಫೋಟೋಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್ 1866ರಲ್ಲಿ ಸ್ಪಿತಿಯ ಹಾದಿಯ ಮಣಿರಂಗ್ ಕಣಿವೆಯಲ್ಲಿ, ಸುಮಾರು 18,600 ಅಡಿ ಎತ್ತರದಲ್ಲಿ, ಹೀಗೇ ಚಿತ್ರ ತೆಗೆದರು. ಮುಂದೆ ಇಪ್ಪತ್ತು ವರ್ಷ ಅಷ್ಟು ಎತ್ತರದಲ್ಲಿ ಇನ್ನಾರೂ ಫೋಟೋ ತೆಗೆಯಲಿಲ್ಲ. ಬೋರ್ನ್ ಹೆಸರು ಚರಿತ್ರೆಯಲ್ಲಿ ಉಳಿಯಿತು. ಆ ಗಾಜು, ಬಾಟಲಿ, ಗುಡಾರ ಹೊತ್ತು ಹತ್ತಿದ ಕೂಲಿಗಳ ಒಂದು ಹೆಸರೂ ನಮ್ಮ ಕೈಗೆ ಬಂದಿಲ್ಲ. ಮೇಲೆ ಹತ್ತುವಾಗ ಅವರಲ್ಲಿ ಕೆಲವರು ಹೊರೆ ಇಳಿಸಿ ಓಡಿಹೋದರು ಎಂದು ಬೋರ್ನ್ ಸಿಡುಕಿದ್ದಾರೆ. ಆ ಎತ್ತರದಲ್ಲಿ ಕಾಲಿಗೆ ಸರಿಯಾದ ಜೋಡಿಲ್ಲದೆ, ಬೆನ್ನ ಮೇಲೆ ಗಾಜು ಹೊತ್ತವನು ಓಡಿಹೋದರೆ ನಾನಂತೂ ಅವನನ್ನು ದೂರಲಾರೆ.

ಲೇಹ್‌ನಿಂದ ಕಾರಾಕೋರಂ ಕಣಿವೆ ದಾಟಿ, ತಕ್ಲಾಮಕಾನ್ ಅಂಚಿನ ಊರುಗಳಾದ ಯಾರ್ಕಂದ್, ಕಾಶ್ಗರ್‌ಗೆ ಹೋಗುವ ದಾರಿ ನಮ್ಮ ದೇಶದ ವ್ಯಾಪಾರಿಗಳು ಬಳಸಿದ ದಾರಿ. ಸತ್ತ ಕುದುರೆಗಳ ಎಲುಬೇ ಅಲ್ಲಿ ದಿಕ್ಕು ತೋರಿಸುತ್ತಿತ್ತು ಎಂದು ಹೋಗಿಬಂದವರೆಲ್ಲ ಬರೆದಿದ್ದಾರೆ. 1873ರಲ್ಲಿ ಡಗ್ಲಸ್ ಫೋರ್ಸಿತ್ ನೇತೃತ್ವದಲ್ಲಿ ಬ್ರಿಟಿಷ್ ಸರ್ಕಾರದ ನಿಯೋಗ ಆ ದಾರಿಯಲ್ಲಿ ಕಾಶ್ಗರ್‌ನ ದೊರೆ ಯಾಕೂಬ್ ಬೇಗ್ ಬಳಿಗೆ ಹೋಯಿತು. ಅದರಲ್ಲಿದ್ದ ಕ್ಯಾಪ್ಟನ್ ಚಾಪ್‌ಮನ್ ಮತ್ತು ಕ್ಯಾಪ್ಟನ್ ಟ್ರಾಟರ್ ತೆಗೆದ ಫೋಟೋಗಳು ಆ ಊರುಗಳ ಅತ್ಯಂತ ಹಳೆಯ ಚಿತ್ರಗಳ ಸಾಲಿಗೆ ಸೇರುತ್ತವೆ. ವರದಿ 1875ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. ನಿಯೋಗದ ಭೂವಿಜ್ಞಾನಿ ಸ್ಟೊಲಿಚ್ಕಾ ವಾಪಸು ಬರುವಾಗ 1874ರ ಜೂನ್‌ನಲ್ಲಿ ಲಡಾಖ್‌ನ ಎತ್ತರದಲ್ಲೇ ತೀರಿಕೊಂಡರು. ಲೇಹ್‌ಗೆ ಹೋದವರು ಅವರ ಸಮಾಧಿಯ ಕಲ್ಲನ್ನು ನೋಡಿರಬಹುದು.

ಇದಾದ ಕೆಲವೇ ವರ್ಷಗಳಲ್ಲಿ ಒಣ ಪ್ಲೇಟ್ ಬಂತು. ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯರು 1871ರಲ್ಲಿ ಜೆಲಟಿನ್ ಬಳಸುವ ಉಪಾಯ ಪ್ರಕಟಿಸಿದರು. ಆ ದಶಕ ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸಿಗತೊಡಗಿತು. ಗಾಜು ಗಾಜೇ, ತೂಕ ಅಷ್ಟೇ. ಆದರೆ ಚಿತ್ರ ತೆಗೆದ ಕೂಡಲೇ ತೊಳೆಯಬೇಕಾಗಿಲ್ಲ. ರಾತ್ರಿ ತೊಳೆಯಬಹುದು, ಮುಂದಿನ ಊರಲ್ಲಿ ತೊಳೆಯಬಹುದು. ಈ ಒಂದು ಬಿಡುವು ಸಿಕ್ಕಿದ್ದರಿಂದಲೇ ಕ್ಯಾಮೆರಾ ಮರುಭೂಮಿಯ ನಡುವಿಗೆ ಹೋಗಲು ಸಾಧ್ಯವಾಯಿತು. ಆದರೂ ಮರುಭೂಮಿ ಅಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಸ್ವೀಡನ್ನಿನ ಅನ್ವೇಷಕ ಸ್ವೆನ್ ಹೆಡಿನ್ 1895ರಲ್ಲಿ ತಕ್ಲಾಮಕಾನ್ ದಾಟಲು ಹೊರಟು, ನೀರಿಲ್ಲದೆ ಜನರನ್ನೂ ಒಂಟೆಗಳನ್ನೂ ಕಳೆದುಕೊಂಡಾಗ ಫೋಟೋ ಸಾಮಗ್ರಿಯೂ ಮರಳಲ್ಲೇ ಉಳಿಯಿತು. ಮರುವರ್ಷ ಮರಳಲ್ಲಿ ಹೂತ ಊರುಗಳನ್ನು ಕಂಡಾಗ ಅವರ ಆಸರೆ ಪೆನ್ಸಿಲ್ಲು.

ಇನ್ನು ಆರೆಲ್ ಸ್ಟೈನ್. ಇವರ ಬಗ್ಗೆ ಎರಡು ಮನಸ್ಸಿಲ್ಲದೆ ಮಾತಾಡುವುದು ನನಗೆ ಸಾಧ್ಯವಾಗಿಲ್ಲ. 1862ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಲಾಹೋರಿನ ಓರಿಯೆಂಟಲ್ ಕಾಲೇಜಿನಲ್ಲಿ ಕೆಲಸ ಮಾಡಿ, ಕಲ್ಹಣನ ರಾಜತರಂಗಿಣಿಯನ್ನು ಸಂಪಾದಿಸಿ ಅನುವಾದಿಸಿದ ಸಂಸ್ಕೃತ ವಿದ್ವಾಂಸ. ಹ್ಯೂಯೆನ್ ತ್ಸಾಂಗ್ ನಡೆದ ದಾರಿಯ ಮೇಲಿನ ಪ್ರೀತಿಯಿಂದ ಮಧ್ಯ ಏಷ್ಯಾಕ್ಕೆ ಹೋದವರು. ಅಲ್ಲಿಂದ ಪೆಟ್ಟಿಗೆಗಟ್ಟಲೆ ಹೊತ್ತು ತಂದವರೂ ಅವರೇ. 1907ರಲ್ಲಿ ಚೀನಾದ ದುನ್‌ಹುವಾಂಗ್ ಊರಿನ ಮೊಗಾವೊ ಬೌದ್ಧ ಗುಹೆಗಳಲ್ಲಿ, ಅವನ್ನು ನೋಡಿಕೊಳ್ಳುತ್ತಿದ್ದ ವಾಂಗ್ ಯುವಾನ್‌ಲು ಎಂಬ ಬಡ ತಾವೋ ಸಾಧುವಿಗೆ 130 ಪೌಂಡ್ ಕೊಟ್ಟು 24 ಪೆಟ್ಟಿಗೆ ಹಸ್ತಪ್ರತಿ, 5 ಪೆಟ್ಟಿಗೆ ಚಿತ್ರಪಟ ಒಯ್ದರು. ಚೀನಾದವರು ಇವತ್ತಿಗೂ ಅದನ್ನು ಕಳ್ಳತನ ಅನ್ನುತ್ತಾರೆ. ಅನ್ನಲು ಅವರಿಗೆ ಹಕ್ಕಿದೆ.

ಆದರೆ ಅವರ ಫೋಟೋಗಳ ಮುಂದೆ ಕೂತಾಗ ಬೇರೆಯದೇ ಆದ ಒಂದು ಶಿಸ್ತು ಕಾಣುತ್ತದೆ. ಅಗೆಯುವ ಮೊದಲು ಒಂದು ಚಿತ್ರ, ಮರಳು ತೆಗೆದ ಮೇಲೆ ಒಂದು, ವಸ್ತು ಸಿಕ್ಕ ಜಾಗದಲ್ಲೇ ಒಂದು. ಮೊದಲ ಯಾತ್ರೆಯಲ್ಲೇ, 1901ರ ಜನವರಿಯಲ್ಲಿ, ನಿಯಾ ನದಿ ಮರಳಲ್ಲಿ ಇಂಗಿಹೋಗುವ ಕಡೆಯ ಹಾಳೂರಿಗೆ ಹೋದರು. ಆ ಊರಿನ ಚಿತ್ರಗಳಲ್ಲಿ ಮನೆಯ ಕಂಬಗಳು ಮರಳಿನಿಂದ ಅಸ್ಥಿಪಂಜರದ ಹಾಗೆ ಎದ್ದು ನಿಂತಿವೆ. ಸಾಲಾಗಿ ನೆಟ್ಟ ಮರಗಳು ಸಾವಿರದ ಆರುನೂರು ವರ್ಷದ ಹಿಂದೆ ಒಣಗಿದ ಹಾಗೇ ನಿಂತಿವೆ.

ಅಲ್ಲಿ ಸಿಕ್ಕಿದ್ದು ಮರದ ಹಲಗೆಯ ಓಲೆಗಳು. ಎರಡು ಹಲಗೆಯನ್ನು ಜೋಡಿಸಿ, ದಾರ ಸುತ್ತಿ, ಮಣ್ಣಿನ ಮುದ್ರೆ ಒತ್ತಿದ ಪತ್ರಗಳು. ಲಿಪಿ ಪ್ರಾಚೀನ ಭಾರತದ ವಾಯವ್ಯ ಭಾಗದ ಖರೋಷ್ಠಿ, ಭಾಷೆ ಪ್ರಾಕೃತ. ರಾಜಾಜ್ಞೆಯ ಓಲೆಗಳು ಶುರುವಾಗುವುದು ಹೀಗೆ: ‘ಮಹನುಅವ ಮಹರಯ ಲಿಹತಿ’. ಮಹಾನುಭಾವ ಮಹಾರಾಯ ಬರೆಯುತ್ತಾನೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಶಾಸನಗಳಲ್ಲಿ ಕೇಳಿ ಕಿವಿಗೆ ಹೊಂದಿಹೋದ ಪದ, ತಕ್ಲಾಮಕಾನಿನ ಮರಳಲ್ಲಿ. ವ್ಯಾಪಾರದ ದಾರಿಯಲ್ಲಿ ರೇಷ್ಮೆಯ ಜೊತೆಗೆ ಮಾತೂ ನಡೆದುಹೋಗುತ್ತದೆ.

ಸ್ಟೈನ್‌ರ ಎರಡನೆಯ ಯಾತ್ರೆ 1906ರ ಏಪ್ರಿಲ್‌ನಲ್ಲಿ ಹೊರಟಿತು. ಹಣ ಕೊಟ್ಟವರು ಭಾರತ ಸರ್ಕಾರ ಮತ್ತು ಬ್ರಿಟಿಷ್ ಮ್ಯೂಸಿಯಂ. ಚಿತ್ರಾಲ್, ವಖಾನ್ ಮೂಲಕ ಹಿಮ ತುಳಿದು ಹೋದ ಆ ತಂಡದಲ್ಲಿ ಇಬ್ಬರು ರಾಮ್ ಸಿಂಗ್ ಇದ್ದರು, ಗೊಂದಲ ಬೇಡ. ಒಬ್ಬರು ಸರ್ವೇ ಇಲಾಖೆಯ ರಾಯ್ ರಾಮ್ ಸಿಂಗ್. ಅವರ ಆರೋಗ್ಯ ಕೆಟ್ಟು ಊರಿಗೆ ಮರಳಿದಾಗ ರಾಯ್ ಬಹದ್ದೂರ್ ಲಾಲ್ ಸಿಂಗ್ ಬಂದರು. ಇನ್ನೊಬ್ಬರು ನಾಯಕ್ ರಾಮ್ ಸಿಂಗ್. ನಾಯಕ್ ಅನ್ನುವುದು ಸೇನೆಯ ದರ್ಜೆ. ಬೆಂಗಾಲ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಎಂಜಿನಿಯರಿಂಗ್ ಪಡೆಯ ಸಿಖ್ ಸೈನಿಕ, ಮರಗೆಲಸದ ಕೈ. ನಾನು ಇವತ್ತು ಯಾರಿಗಾಗಿ ಇಲ್ಲಿ ನಿಂತಿದ್ದೇನೋ ಅವರು ಇವರೇ.

ಪ್ಲೇಟ್ ತೊಳೆಯುವ ಕೆಲಸ ಇವರ ಕೈಗೂ ಬಂತು. ಹಗಲೆಲ್ಲ ಅಗೆತದ ಮೇಲ್ವಿಚಾರಣೆ, ನಕ್ಷೆ, ಪೆಟ್ಟಿಗೆ ಬಡಿಯುವುದು. ಊಟ ಮುಗಿದ ಮೇಲೆ ಗುಡಾರದಲ್ಲಿ ಕೆಂಪು ದೀಪ. ಚಿತ್ರ ಮೂಡಿಸುವ ಡೆವಲಪರ್ ತಟ್ಟೆ, ಮೂಡಿದ್ದನ್ನು ನಿಲ್ಲಿಸುವ ಹೈಪೋ ತಟ್ಟೆ, ನೀರಿನ ತಟ್ಟೆ. ಸ್ಟುಡಿಯೋ ಕೆಲಸ ಕಂಡವರು ಬಲ್ಲರು, ಇದರಲ್ಲಿ ಜೀವಾಳ ಕೊನೆಯ ತೊಳೆತ. ಹೈಪೋ ಉಳಿದರೆ ಚಿತ್ರ ಹತ್ತಾರು ವರ್ಷದಲ್ಲಿ ಹಳದಿ ತಿರುಗಿ ಮಾಸಿಹೋಗುತ್ತದೆ. ಧಾರಾಳವಾಗಿ ನೀರು ಬೇಕು. ಆದರೆ ನೀರೆಲ್ಲಿ? 1906ರ ಡಿಸೆಂಬರ್‌ನಲ್ಲಿ ಲೋಪ್ ಮರುಭೂಮಿಗೆ ಇಳಿದಾಗ ಕುಡಿಯುವ ನೀರನ್ನೇ ಮಂಜುಗಡ್ಡೆಯ ತುಂಡುಗಳಾಗಿ ಚೀಲದಲ್ಲಿ ಕಟ್ಟಿ ಒಂಟೆಯ ಮೇಲೆ ಹೇರಿದ್ದರು. ಅಂಥ ಚಳಿಯಲ್ಲಿ ತಟ್ಟೆಯ ನೀರು ಹೆಪ್ಪುಗಟ್ಟುವುದಕ್ಕೆ ಎಷ್ಟು ಹೊತ್ತು ಬೇಕು? ಜೆಲಟಿನ್ ಪದರ ಒದ್ದೆ ಇದ್ದಾಗ ಹೆಪ್ಪುಗಟ್ಟಿದರೆ ಚಿತ್ರದ ಮೇಲೆ ಜರೀಗಿಡದ ಎಲೆಯಂಥ ಗೀರು ಮೂಡುತ್ತದೆ. ಆ ತಟ್ಟೆಗಳನ್ನು ಕಾಪಾಡಿದವರ ಬೆರಳು ಎಷ್ಟು ಮರಗಟ್ಟಿರಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಬುಡಾಪೆಸ್ಟ್‌ನ ಹಂಗೇರಿಯನ್ ವಿಜ್ಞಾನ ಅಕಾಡೆಮಿಯ ಗ್ರಂಥಾಲಯದಲ್ಲೂ ಇರುವ ಆ ಚಿತ್ರಗಳು ನೂರು ವರ್ಷ ದಾಟಿಯೂ ಓದುವಂತಿವೆ. ತೊಳೆತ ಸರಿಯಾಗಿ ಆಗಿತ್ತು ಅಂತಲೇ ಅದರ ಅರ್ಥ.

1907ರ ಜನವರಿ ಕೊನೆ, ಫೆಬ್ರವರಿ. ಲೋಪ್ ಸರೋವರದ ದಕ್ಷಿಣಕ್ಕೆ ಮೀರಾನ್ ಎಂಬ ಹಾಳೂರು. ಅಲ್ಲಿ ಟಿಬೆಟನ್ನರ ಹಳೆಯ ಕೋಟೆಯ ಸುತ್ತ ಇನ್ನೂ ಹಳೆಯ ಬೌದ್ಧ ಸ್ತೂಪಗಳಿದ್ದವು. ಎರಡು ಗುಡಿಗಳ ಒಳಗೆ ಸ್ತೂಪವನ್ನು ಸುತ್ತುವ ಪ್ರದಕ್ಷಿಣಾ ಪಥ, ಅದರ ದುಂಡು ಗೋಡೆಯ ಮೇಲೆ ಬಣ್ಣದ ಚಿತ್ರ. ಒಂದರಲ್ಲಿ ರೆಕ್ಕೆಯುಳ್ಳ ದೇವದೂತರು. ರೋಮ್ ಕಡೆಯಿಂದ ಬಂದಂಥ ದೊಡ್ಡ ಕಣ್ಣು, ಬೌದ್ಧ ಗುಡಿಯ ಗೋಡೆಯಲ್ಲಿ. ಇವುಗಳಲ್ಲಿ ಕೆಲವು ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ದೆಹಲಿಗೆ ಹೋದವರು ಕುತುಬ್ ಮಿನಾರ್, ಕೆಂಪುಕೋಟೆ ನೋಡಿ ಬರುತ್ತಾರೆ. ದಯವಿಟ್ಟು ಒಂದು ಮಧ್ಯಾಹ್ನವನ್ನು ಇವಕ್ಕೂ ಕೊಡಿ.

ಇನ್ನೊಂದು ಗುಡಿಯಲ್ಲಿ ಇದ್ದದ್ದು ವೆಸ್ಸಂತರ ಜಾತಕ. ಕೇಳಿದ್ದನ್ನೆಲ್ಲ ಕೊಡುವ ರಾಜಕುಮಾರನ ಕಥೆ. ಮಳೆ ತರುವ ಬಿಳಿಯಾನೆಯನ್ನು ದಾನ ಕೊಟ್ಟದ್ದಕ್ಕೆ ಜನ ಸಿಟ್ಟಾಗಿ ಅವನನ್ನು ಕಾಡಿಗಟ್ಟುತ್ತಾರೆ. ದಾರಿಯಲ್ಲಿ ರಥ, ಕುದುರೆ ಕೊಡುತ್ತಾನೆ. ಕಾಡಲ್ಲಿ ಮಕ್ಕಳನ್ನೇ ಕೊಡುತ್ತಾನೆ, ಹೆಂಡತಿಯನ್ನೂ. ನಮ್ಮ ಹರಿಶ್ಚಂದ್ರನ ಕಥೆ ಕೇಳಿ ಬೆಳೆದವರಿಗೆ ಈ ನೋವು ಹೊಸದಲ್ಲ. ಮೀರಾನಿನ ಗೋಡೆಯಲ್ಲಿ ರಾಜಪರಿವಾರ ಊರು ಬಿಟ್ಟು ಹೊರಡುವುದು, ಬಿಳಿಯಾನೆಯನ್ನು ಬೇಡಿದವರಿಗೆ ಒಪ್ಪಿಸುವುದು ಸಾಲಾಗಿ ಮೂಡಿತ್ತು. ಆ ಆನೆಯ ಕಾಲ ಮೇಲೆ ಖರೋಷ್ಠಿಯಲ್ಲಿ ಒಂದು ಸಣ್ಣ ಬರಹ: ಇದು ತಿತನ ಕೆಲಸ, ಕೂಲಿ 3000 ಭಮ್ಮಕ. ತಿತ ಅಂದರೆ ರೋಮನ್ ಹೆಸರಾದ ಟೈಟಸ್ ಇರಬೇಕು ಎಂದು ಸ್ಟೈನ್ ಊಹಿಸಿದರು. ಸುಮಾರು ಸಾವಿರದ ಏಳುನೂರು ವರ್ಷದ ಹಿಂದೆ ಒಬ್ಬ ಚಿತ್ರಗಾರ ತನ್ನ ಹೆಸರನ್ನೂ ಕೂಲಿಯನ್ನೂ ಗೋಡೆಯ ಮೇಲೆ ಬರೆದುಕೊಂಡ. ನನಗೆ ಅದು ಬಹಳ ಪ್ರೀತಿಯ ವಿಷಯ.

ಆ ಗೋಡೆಯ ಗಾರೆ ಮುಟ್ಟಿದರೆ ಉದುರುವಂತಿತ್ತು. ದುಂಡು ಗೋಡೆ ಬೇರೆ, ಸಪಾಟಾಗಿ ಕತ್ತರಿಸಿ ತೆಗೆಯಲು ಬರುವುದಿಲ್ಲ. ಆದ್ದರಿಂದ ಸ್ಟೈನ್ ಚಿತ್ರಗಳ ದೊಡ್ಡ ಪಾಲನ್ನು ಫೋಟೋ ತೆಗೆದು, ಗುಡಿಯನ್ನು ಮತ್ತೆ ಮರಳಿನಿಂದ ಮುಚ್ಚಿಸಿದರು. ಇಕ್ಕಟ್ಟಾದ ಪಥದಲ್ಲಿ ಕ್ಯಾಮೆರಾವನ್ನು ಹಿಂದೆ ಸರಿಸಲು ಜಾಗವಿಲ್ಲ. ಗೋಡೆ ಬಾಗಿರುವುದರಿಂದ ನಡು ಸ್ಪಷ್ಟವಾದರೆ ಅಂಚು ಮಸುಕು. ಮೇಲೆ ಮೀರಾನಿನ ಗಾಳಿ, ಧೂಳು. ಅಚ್ಚಾದ ಚಿತ್ರಗಳನ್ನು ನೋಡಿದರೆ ಒಂದು ತುಂಡು ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ, ನೆರಳು ಒಂದೇ ಸಮ ಇಲ್ಲ. ನಾನು ಅವುಗಳಲ್ಲಿ ಒಂದು ಕೊರತೆಯನ್ನೂ ಎಣಿಸುವುದಿಲ್ಲ.

1908ರ ವಸಂತದಲ್ಲಿ ಸ್ಟೈನ್ ಮರುಭೂಮಿಯ ದಕ್ಷಿಣ ಅಂಚಿನ ಖೋತಾನ್ ಊರಿನ ಕಡೆಯಿಂದ ಉತ್ತರಕ್ಕೆ ಹೊರಟು, ನಾಯಕ್ ರಾಮ್ ಸಿಂಗ್‌ರನ್ನು ಮತ್ತೆ ಮೀರಾನಿಗೆ ಕಳಿಸಿದರು. ಜೊತೆಗೆ ಇಬ್ರಾಹಿಂ ಬೇಗ್ ಎಂಬ ನಂಬಿಕೆಯ ಸ್ಥಳೀಯ ಅಧಿಕಾರಿ. ಮುಚ್ಚಿಟ್ಟ ಗುಡಿಯನ್ನು ತೆರೆದು ಉಳಿದ ಭಿತ್ತಿಚಿತ್ರವನ್ನು ಜೋಪಾನವಾಗಿ ತೆಗೆಯಬೇಕು ಅನ್ನುವುದು ಕೆಲಸ. ಅಷ್ಟು ನಯದ ಕೆಲಸಕ್ಕೆ ಮರಗೆಲಸದ ಆ ಕೈ ಬಿಟ್ಟರೆ ಬೇರೆ ಕೈ ಇರಲಿಲ್ಲ. ದಾರಿಯಲ್ಲೇ ತಲೆನೋವು ಶುರುವಾಯಿತು. ಒಂದು ಕಣ್ಣು ಹೋಯಿತು. ಅವರು ಹಿಂದಿರುಗಲಿಲ್ಲ, ಮೀರಾನಿಗೆ ಹೋಗಿ ಕೆಲಸ ಶುರು ಮಾಡಿದರು. ಅಲ್ಲಿ ಇನ್ನೊಂದು ಕಣ್ಣೂ ಹೋಯಿತು. ಇಂದೋ ನಾಳೆಯೋ ಕಣ್ಣು ಬಂದೀತು ಎಂದು ಆ ಬಯಲಲ್ಲಿ ಕೆಲವು ದಿನ ಕಾದರು. ತನ್ನ ಅಡುಗೆ ತಾನೇ ಮಾಡಿಕೊಳ್ಳುವ ನೇಮವನ್ನು ಕುರುಡಾದ ಮೇಲೂ ಬಿಡಲಿಲ್ಲ. ಕೊನೆಗೆ ಇಬ್ರಾಹಿಂ ಬೇಗ್ ಅವರನ್ನು ನೂರಾರು ಮೈಲಿ ಕರೆದುಕೊಂಡು ಬಂದರು.

ಖೋತಾನ್‌ನಲ್ಲಿ ಅವರನ್ನು ಕಂಡಾಗ ಆದ ಆಘಾತವನ್ನು ಸ್ಟೈನ್ ಬಚ್ಚಿಟ್ಟಿಲ್ಲ. ಯಾರ್ಕಂದಿನ ಸ್ವೀಡಿಷ್ ಮಿಷನ್ನಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮಾ, ವಾಸಿಯಾಗುವುದಿಲ್ಲ ಅಂದರು. ಒಳಗಿನ ಒತ್ತಡ ಏರಿ ಕಣ್ಣಿನ ನರ ಸಾಯುವ ರೋಗ ಅದು. ತೀವ್ರವಾಗಿ ಬಂದರೆ ಕೂಡಲೇ ಚಿಕಿತ್ಸೆ ಬೇಕು, ಮೀರಾನಿಂದ ಅಂಥ ಚಿಕಿತ್ಸೆ ವಾರಗಟ್ಟಲೆ ದೂರ. ಅವರನ್ನು ಲಡಾಖ್ ದಾರಿಯಾಗಿ ಊರಿಗೆ ಕಳಿಸಿದರು. ಸ್ಟೈನ್ ಸರ್ಕಾರದ ಬೆನ್ನು ಬಿದ್ದು ಪಿಂಚಣಿ ಕೊಡಿಸಿದರು. ರಾಮ್ ಸಿಂಗ್ ಆಮೇಲೆ ಹೆಚ್ಚು ಕಾಲ ಬದುಕಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಟೈನ್ ಕೂಡ ಬೆಲೆ ತೆತ್ತರು. ಕುನ್‌ಲುನ್ ಪರ್ವತದ ಜಲವಿಭಾಜಕ, ಹೆಚ್ಚು ಕಡಿಮೆ 20,000 ಅಡಿ. ಲಾಲ್ ಸಿಂಗ್ ಜೊತೆ ಹಿಮದ ಏಣು ಹತ್ತಿ, ಅಳತೆ ಮತ್ತು ಫೋಟೋ ಕೆಲಸ ಮುಗಿಯುವವರೆಗೂ ಅಲ್ಲೇ ನಿಂತರು. ಇಳಿದು ಬಂದು ಬೂಟು ಬಿಚ್ಚಿದಾಗ ಕಾಲ್ಬೆರಳು ಹಿಮಕ್ಕೆ ಸತ್ತಿದ್ದವು. ಡೋಲಿಯಲ್ಲಿ ಹೊತ್ತು ಲೇಹ್‌ಗೆ ತಂದರು, ಅಲ್ಲಿನ ಮೊರೇವಿಯನ್ ಮಿಷನ್ನಿನ ವೈದ್ಯರು ಬಲಗಾಲಿನ ಬೆರಳುಗಳನ್ನು ಕತ್ತರಿಸಿದರು. ಸ್ಟೈನ್‌ರ ಜೀವನಚರಿತ್ರೆಗಳಲ್ಲಿ ಈ ಬೆರಳುಗಳಿಗೆ ಪುಟಗಟ್ಟಲೆ ಜಾಗ ಇದೆ. ರಾಮ್ ಸಿಂಗ್‌ರ ಎರಡು ಕಣ್ಣಿಗೆ ಕೆಲವು ಸಾಲು. ಅವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ.

ಮೀರಾನಿನ ಗೋಡೆ ಏನಾಯಿತು ಅಂದಿರಾ? ಜಪಾನಿನ ಬೌದ್ಧ ಮಠಾಧಿಪತಿ ಒತಾನಿ ಕಳಿಸಿದ ಯಾತ್ರೆಯ ತಚಿಬಾನಾ ಜುಯಿಚೋ, ಇಪ್ಪತ್ತರ ಆಸುಪಾಸಿನ ತರುಣ, 1911ರ ಸುಮಾರಿಗೆ ಅಲ್ಲಿಗೆ ಹೋಗಿ ಚಿತ್ರಗಳನ್ನು ಕಿತ್ತು ತೆಗೆಯಲು ನೋಡಿದರು. ಸಲಕರಣೆ ಇಲ್ಲ, ತರಬೇತಿ ಇಲ್ಲ. 1914ರಲ್ಲಿ ಸ್ಟೈನ್ ಮತ್ತೆ ಹೋದಾಗ ಗಾರೆಯ ಚೂರುಗಳು ನೆಲದಲ್ಲಿ ಬಿದ್ದಿದ್ದವು. ಬಿಳಿಯಾನೆ, ಊರು ಬಿಟ್ಟು ಹೊರಟ ಕುಟುಂಬ, ತಿತನ ಕೂಲಿಯ ಲೆಕ್ಕ, ಇವನ್ನು ನೋಡಬೇಕಾದರೆ ಈಗ ನಮಗೆ ಉಳಿದಿರುವುದು 1907ರ ಆ ಗಾಜಿನ ಪ್ಲೇಟುಗಳ ಚಿತ್ರ. ಧೂಳಿನ ಗಾಳಿಯಲ್ಲಿ ತೆಗೆದದ್ದು, ಅಂಚು ಮಸುಕಾದದ್ದು, ಒಂದಕ್ಕೊಂದು ಕೂಡದ್ದು.

ಇದೊಂದೇ ಆಗಿದ್ದರೆ ಅಪಘಾತ ಅನ್ನಬಹುದಿತ್ತು. ತುರ್ಫಾನ್ ಬಳಿಯ ಬೆಜೆಕ್ಲಿಕ್ ಗುಹೆಗಳ ದೊಡ್ಡ ಭಿತ್ತಿಚಿತ್ರಗಳನ್ನು ಜರ್ಮನಿಯ ಲ ಕೋಕ್ ಗರಗಸ ಹಾಕಿಸಿ ಬರ್ಲಿನ್‌ಗೆ ಒಯ್ದು, ಮ್ಯೂಸಿಯಂ ಗೋಡೆಗೆ ಸಿಮೆಂಟ್ ಹಾಕಿ ಕೂರಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಸಣ್ಣವನ್ನು ಸಾಗಿಸಿದರು, ಗೋಡೆಗೆ ಕೂರಿಸಿದ್ದನ್ನು ಕೀಳಲಾಗಲಿಲ್ಲ, ಬಾಂಬಿಗೆ ಹೋದವು. ಲ ಕೋಕ್‌ರ 1913ರ ಪುಸ್ತಕದಲ್ಲಿ ಅಚ್ಚಾದ ಪ್ರತಿಗಳು ಉಳಿದಿವೆ. ಗುಹೆಯಲ್ಲೇ ಬಿಟ್ಟಿದ್ದರೆ ಉಳಿಯುತ್ತಿದ್ದವೇ ಅನ್ನುವ ವಾದ ಬಹಳ ಹಳೆಯದು. ನನ್ನ ಅಭಿಪ್ರಾಯ ಕೇಳಿದರೆ, ಗರಗಸದ ಬದಲು ಕ್ಯಾಮೆರಾವನ್ನಷ್ಟೇ ಒಯ್ದಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು.

ಕ್ಯಾಮೆರಾವನ್ನೇ ನಂಬಿದ ಒಬ್ಬರ ಮಾತು ಹೇಳುತ್ತೇನೆ. 1906ರಲ್ಲಿ ಫ್ರಾನ್ಸಿನಿಂದ ಹೊರಟ ಪೆಲಿಯೋ ತಂಡದಲ್ಲಿ ಮೂವರು: ಚೀನೀ ಭಾಷೆಯ ಪಂಡಿತ ಪಾಲ್ ಪೆಲಿಯೋ, ಸೇನೆಯ ವೈದ್ಯ ಲೂಯಿ ವಯಾನ್, ಫೋಟೋಗ್ರಾಫರ್ ಶಾರ್ಲ್ ನುಯೆತ್. ಫೋಟೋ ತೆಗೆಯುವುದನ್ನೇ ಕೆಲಸವಾಗಿಟ್ಟುಕೊಂಡ ಒಬ್ಬರನ್ನು ಕರೆದೊಯ್ದದ್ದು ಆ ತಂಡದ ವಿವೇಕ. 1908ರಲ್ಲಿ ದುನ್‌ಹುವಾಂಗ್‌ನಲ್ಲಿ ನುಯೆತ್ ತೆಗೆದ ಒಂದು ಚಿತ್ರವನ್ನು ನೀವು ಎಲ್ಲಾದರೂ ಕಂಡಿರುತ್ತೀರಿ. ಪುಟ್ಟ ಕೋಣೆ. ಹಿಂದೆ ಚಾವಣಿಯ ಕಡೆಗೆ ಪೇರಿಸಿದ ಸುರುಳಿಗಳು. ಮುಂದೆ ಪೆಲಿಯೋ ಕುಕ್ಕರಗಾಲಲ್ಲಿ ಕೂತು ಒಂದು ಸುರುಳಿ ಬಿಡಿಸುತ್ತಿದ್ದಾರೆ, ಪಕ್ಕದಲ್ಲಿ ಒಂದು ಮೇಣದಬತ್ತಿ. ಮೂರು ವಾರ ಹಾಗೇ ಕೂತು ದಿನಕ್ಕೆ ಸಾವಿರದಂತೆ ಸುರುಳಿ ಕಣ್ಣಾಡಿಸಿದರಂತೆ. ಪ್ಯಾರಿಸ್‌ಗೆ ಮರಳಿದಾಗ, ಇವೆಲ್ಲ ಖೋಟಾ, ಸ್ಟೈನ್ ಹೋದ ಮೇಲೆ ಅಲ್ಲಿ ಏನುಳಿದೀತು ಎಂದು ಕೆಲವರು ಹುಯಿಲೆಬ್ಬಿಸಿದರು. 1912ರಲ್ಲಿ ಸ್ಟೈನ್‌ರ ಯಾತ್ರಾಕಥನ ಬಂದು, ತಾನು ಬಿಟ್ಟುಬಂದದ್ದು ಬಹಳ ಇತ್ತು ಎಂದು ಗೊತ್ತಾದ ಮೇಲೆಯೇ ಪೆಲಿಯೋ ತಲೆಯೆತ್ತುವಂತಾಯಿತು.

ನುಯೆತ್ ಗುಹೆಯಿಂದ ಗುಹೆಗೆ ಹೋಗಿ ತೆಗೆದ ಚಿತ್ರಗಳು 1920ರ ದಶಕದಲ್ಲಿ ಆರು ಸಂಪುಟಗಳಾಗಿ ಬಂದವು. ಅಷ್ಟರಲ್ಲಿ, 1921ರಲ್ಲಿ, ರಷ್ಯಾದ ಕ್ರಾಂತಿಯ ವಿರುದ್ಧ ಹೋರಾಡಿ ತಪ್ಪಿಸಿಕೊಂಡು ಬಂದ, ‘ಬಿಳಿ ಪಡೆ’ ಎಂದು ಕರೆಸಿಕೊಂಡ ಸೈನಿಕರನ್ನು ಚೀನೀ ಅಧಿಕಾರಿಗಳು ಅದೇ ಗುಹೆಗಳಲ್ಲಿ ಕೂಡಿಹಾಕಿದ್ದರು. ಅವರು ಅಲ್ಲೇ ಒಲೆ ಹೂಡಿದರು. ಹೊಗೆ ಹಿಡಿದ ಗೋಡೆಗಳ ಹಳೆಯ ರೂಪ ಬೇಕಾದವರು ನುಯೆತ್ ಸಂಪುಟ ತೆರೆಯುತ್ತಾರೆ. ನುಯೆತ್ ಆ ಸಂಪುಟಗಳನ್ನು ನೋಡಲಿಲ್ಲ, ಯಾತ್ರೆ ಮುಗಿಸಿ ಬಂದ ಮರುವರ್ಷವೇ, 1910ರಲ್ಲಿ, ತೀರಿಕೊಂಡಿದ್ದರು. ಅದೇ ಗುಹೆಗಳಲ್ಲಿ 1943ರಿಂದ ಕೆಲಸ ಮಾಡಿದ ಚೀನೀ ದಂಪತಿ ಜೇಮ್ಸ್ ಮತ್ತು ಲೂಸಿ ಲೋ, ವಿದ್ಯುತ್ತಿಲ್ಲದ ಕತ್ತಲೆಗೆ ಕನ್ನಡಿಯಿಂದ ಕನ್ನಡಿಗೆ ಬಿಸಿಲು ಹಾಯಿಸಿ 2,500ಕ್ಕೂ ಹೆಚ್ಚು ಚಿತ್ರ ತೆಗೆದರು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಬುದ್ಧನ ಮುಖಕ್ಕೆ ಬೀಳಿಸುವುದು, ಅದಕ್ಕಿಂತ ಚೆಂದದ ದೀಪಾರಾಧನೆ ನನಗೆ ತಿಳಿಯದು.

ಇನ್ನು ಸ್ಟೈನ್‌ರ ನಾಲ್ಕನೆಯ ಯಾತ್ರೆ, 1930–31. ಕಾಲ ಬದಲಾಗಿತ್ತು. ಚೀನಾದ ವಿದ್ವಾಂಸರು ಎದ್ದು ನಿಂತು, ಇನ್ನು ಸಾಕು ಅಂದರು. ತೆಗೆದದ್ದನ್ನೆಲ್ಲ ಕಾಶ್ಗರ್‌ನಲ್ಲೇ ಬಿಟ್ಟು ಸ್ಟೈನ್ ಬರಿಗೈಯಲ್ಲಿ ಹೊರಟರು. ಬಿಡುವ ಮೊದಲು ಓಲೆಗಳ ಫೋಟೋ ತೆಗೆಸಿದ್ದರು. ವಸ್ತುಗಳು ಆಮೇಲೆ ಎಲ್ಲೋ ಕಳೆದುಹೋದವು. ನಿಯಾದ ಒಂದು ಚೀನೀ ಓಲೆಯಲ್ಲಿ ಜಿಂಗ್‌ಜ್ಯುಯೆ ಎಂಬ ಪುಟ್ಟ ರಾಜ್ಯದ ಅರಸನ ಉಲ್ಲೇಖವಿದೆ. ಚೀನಾದ ಹಾನ್ ಅರಸರ ಕಾಲದ ಗ್ರಂಥಗಳಲ್ಲಿ ಬರುವ ಆ ರಾಜ್ಯ ಇದೇ ಮರಳೂರು ಎಂದು ಹೇಳಲು ಅದೊಂದು ದೊಡ್ಡ ಆಧಾರ. ಆ ಓಲೆಯೂ ಈಗ ಫೋಟೋ ಮಾತ್ರ. ಚೀನಾದ ವಿದ್ವಾಂಸರೊಬ್ಬರು 1990ರ ದಶಕದಲ್ಲಿ ಲಂಡನ್ನಿನ ಆ ಫೋಟೋಗಳನ್ನು ಓದಿ ಬೆಳಕಿಗೆ ತಂದರು.

ಈ ಫೋಟೋಗಳಲ್ಲಿ ನನ್ನ ಮನಸ್ಸನ್ನು ಕಲಕುವ ಇನ್ನೊಂದು ಸಂಗತಿ ಇದೆ. ಸ್ತೂಪದ ಪಕ್ಕ, ಗೋಡೆಯ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಾನೆ. ಎತ್ತರ ಗೊತ್ತಾಗಲಿ ಎಂದು ನಿಲ್ಲಿಸಿದ್ದು. ಅಳತೆಗೋಲಾಗಿ ನಿಂತ ಆ ಖೋತಾನಿನ, ಚಾರ್ಖ್ಲಿಕ್‌ನ ಕೂಲಿಯ ಹೆಸರು ಅಡಿಬರಹದಲ್ಲಿ ಬರುವುದು ತೀರಾ ಅಪರೂಪ. ಊರವರನ್ನು ಎದುರಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದು, ತಲೆಬುರುಡೆಯ ಸುತ್ತಳತೆ ಬರೆದುಕೊಂಡದ್ದೂ ಇದೆ. ಆ ಕಾಲದ ಜನಾಂಗ ಶಾಸ್ತ್ರ ಅದು, ಮನುಷ್ಯರನ್ನು ಮಾದರಿಗಳಾಗಿ ಕಂಡ ಶಾಸ್ತ್ರ. ಆದರೆ ಆ ಮುಖಗಳು ಅಳತೆಯ ಪಟ್ಟಿಗೆ ಸಿಕ್ಕಿಲ್ಲ. ನಾಚಿದವರಿದ್ದಾರೆ, ಸಿಟ್ಟಾದವರಿದ್ದಾರೆ. ಇವತ್ತು ಅಂತರ್ಜಾಲದಲ್ಲಿ ದುನ್‌ಹುವಾಂಗ್ ಸಂಗ್ರಹಗಳು ಯಾರಿಗೂ ತೆರೆದಿವೆ. ಆ ನಾಡಿನ ಮೊಮ್ಮಕ್ಕಳು ಯಾರಾದರೂ ಅಲ್ಲಿ ತಮ್ಮ ಅಜ್ಜನ ಅಜ್ಜನನ್ನು ಕಂಡು ಹೆಸರಿಡಲಿ ಎಂದು ಆಸೆಪಡುತ್ತೇನೆ.

ಕೊನೆಯ ಚಿತ್ರ ಹಾಕುತ್ತೇನೆ. ಇದು 1908ರ ಮಾರ್ಚ್‌ನದು, ತಕ್ಲಾಮಕಾನ್‌ನ ದಕ್ಷಿಣ ಅಂಚಿನಲ್ಲಿ ತೆಗೆದ ತಂಡದ ಚಿತ್ರ. ಕೂತವರು ಮೂವರು: ಚೀನೀ ಕಾರ್ಯದರ್ಶಿ ಜಿಯಾಂಗ್, ನಡುವೆ ನಾಯಿ ಡ್ಯಾಶ್ ಜೊತೆ ಸ್ಟೈನ್, ಆಚೆ ಲಾಲ್ ಸಿಂಗ್. ಹಿಂದೆ ನಿಂತವರೂ ಮೂವರು: ಇಬ್ರಾಹಿಂ ಬೇಗ್, ಅಡುಗೆಯ ಜಸವಂತ್ ಸಿಂಗ್, ನಾಯಕ್ ರಾಮ್ ಸಿಂಗ್. ಈ ಚಿತ್ರಕ್ಕೆ ಅಡಿಬರಹವಿದೆ, ಆರೂ ಜನರ ಹೆಸರಿದೆ, ನಾಯಿಯ ಹೆಸರೂ ಇದೆ. ಹಿಂದೆ ನಿಂತವರಲ್ಲಿ ಇಬ್ಬರು ಇನ್ನು ಕೆಲವೇ ದಿನಗಳಲ್ಲಿ ಪೂರ್ವಕ್ಕೆ, ಮೀರಾನಿನ ದಾರಿ ಹಿಡಿಯುತ್ತಾರೆ. ಒಬ್ಬರು ಇನ್ನೊಬ್ಬರ ಕೈ ಹಿಡಿದು ವಾಪಸು ಬರುತ್ತಾರೆ. ಚಿತ್ರ ತೆಗೆದ ಹೊತ್ತಿಗೆ ಅದು ಅವರಿಗೆ ಗೊತ್ತಿಲ್ಲ. ಬಿಸಿಲಿದೆ. ಪೇಟ ಕಟ್ಟಿಕೊಂಡು, ಪ್ಲೇಟಿಗೆ ಬೆಳಕು ಬೀಳುವಷ್ಟು ಹೊತ್ತು, ರಾಮ್ ಸಿಂಗ್ ಅಲುಗದೆ ನಿಂತಿದ್ದಾರೆ.